ಅಳಿಸಿದ್ದಾಯಿತು, ಬರೆದಿದ್ದಾಗಲಿಲ್ಲ

"ಇಸಿಎಂ ಹೋಗಿದೆ ಸಾರ್, ಹೊಸದೇ ಹಾಕಬೇಕು." ಕಾರಿಟ್ಟುಕೊಂಡವರಿಗೆ ಈಚೆಗೆ ದುಬಾರಿಯಾಗಿ ಪರಿಣಮಿಸುತ್ತಿರುವ ಮಾತು ಇದು. ಗ್ಯಾರೇಜಿಗೆ ಹೋದಾಗ ಗಾಡಿ ಓಡುತ್ತಲೇ ಇತ್ತು. ಪಿಕಪ್ಪಿನಲ್ಲಿ ಸ್ವಲ್ಪ ತಡವರಿಸುತ್ತದೆ ಎಂದದ್ದಕ್ಕೆ ಲ್ಯಾಪ್‌ಟಾಪ್ ತಗುಲಿಸಿ ಹೊಸ ಸಾಫ್ಟ್‌ವೇರ್ ಹಾಕಲು ಕೂತರು. ಪರದೆಯ ಮೇಲಿನ ಪಟ್ಟಿ ಅರ್ಧ ದಾಟಿ ನಿಂತಿತು, ಕೆಂಪಕ್ಷರದಲ್ಲಿ ಏನೋ ಬಂತು. ಆಮೇಲೆ ಕೀಲಿ ತಿರುಗಿಸಿದರೆ ಸೆಲ್ಫೇ ಹೊಡೆಯುತ್ತಿಲ್ಲ.

ಹೀಗೆ ನಿಂತುಹೋದ ಮಾಡ್ಯೂಲ್ ಸತ್ತೇ ಹೋಗಿದೆ ಎಂದು ತೀರ್ಮಾನಿಸಲು ಯಾರಿಗೂ ಅಷ್ಟು ಬೇಗ ಹಕ್ಕಿಲ್ಲ ಎನ್ನುವುದು ನನ್ನ ವಾದ. ಯಾವ ಹಂತದಲ್ಲಿ ನಿಂತಿತು ಎಂಬ ಪ್ರಶ್ನೆಗೆ ಉತ್ತರ ಸಿಗುವ ತನಕ ಅದು ಬರೀ ಅರ್ಧಕ್ಕೆ ನಿಂತ ಕೆಲಸ.

ಇಸಿಎಂ, ಅಂದರೆ ಇಂಜಿನ್ ಕಂಟ್ರೋಲ್ ಮಾಡ್ಯೂಲ್, ಇಂಜಿನ್ನಿಗೆ ಎಷ್ಟು ಇಂಧನ ಬಿಡಬೇಕು, ಯಾವ ಕ್ಷಣಕ್ಕೆ ಕಿಡಿ ಕೊಡಬೇಕು ಎಂದು ಲೆಕ್ಕ ಹಾಕುವ ಪುಟ್ಟ ಕಂಪ್ಯೂಟರು. ಬ್ರೇಕಿಗೊಂದು, ಏರ್‌ಬ್ಯಾಗಿಗೊಂದು, ಸ್ಟೀರಿಂಗಿಗೊಂದು, ಬಾಗಿಲು–ದೀಪಗಳಿಗೊಂದು ಎಂದು ಇಂಥ ಮಾಡ್ಯೂಲ್‌ಗಳು ಸಾಧಾರಣ ಕಾರಿನಲ್ಲೂ ಈಗ ಹತ್ತಾರು ಇವೆ. ಒಂದು ಕಾಲದಲ್ಲಿ ಇವುಗಳೊಳಗಿನ ಬರಹ ತಿದ್ದಬೇಕಾದರೆ ಚಿಪ್ಪನ್ನೇ ಕಿತ್ತು, ಅದರ ಬೆನ್ನಿನ ಗಾಜಿನ ಕಿಂಡಿಗೆ ನೇರಳಾತೀತ ಬೆಳಕು ಬಿಟ್ಟು ಅಳಿಸಬೇಕಿತ್ತು. ತೋಷಿಬಾದ ಫುಜಿಯೊ ಮಸುವೊಕಾ 1984ರಲ್ಲಿ ಫ್ಲ್ಯಾಶ್ ಮೆಮೊರಿಯನ್ನು ಜಗತ್ತಿನ ಮುಂದಿಟ್ಟ ಮೇಲೆ ಆ ತಾಪತ್ರಯ ತಪ್ಪುತ್ತ ಬಂತು. ಬೋರ್ಡಿನಲ್ಲಿ ಕೂತಲ್ಲೇ, ವಿದ್ಯುತ್ತಿನಿಂದಲೇ ಅಳಿಸಬಹುದು, ಬರೆಯಬಹುದು. ಆದರೆ ಫ್ಲ್ಯಾಶಿಗೆ ಒಂದು ಹಟ ಇದೆ. ಹೊಸದನ್ನು ಬರೆಯುವ ಮುಂಚೆ ಆ ಭಾಗವನ್ನು ಇಡಿಯಾಗಿ ಅಳಿಸಲೇಬೇಕು. ಹಳೆಯ ಮನೆ ಕೆಡವಿ ಅದೇ ಸೈಟಿನಲ್ಲಿ ಹೊಸದು ಕಟ್ಟುವಾಗ ಮೂಲೆಯ ವಾಚ್‌ಮನ್ ಶೆಡ್ಡನ್ನು ಮಾತ್ರ ಬಿಟ್ಟುಕೊಳ್ಳುತ್ತಾರಲ್ಲ, ಇಲ್ಲೂ ಹಾಗೇ. ಕೆಡವಿದ್ದಾದ ಮೇಲೆ ಕೆಲಸ ನಿಂತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಶೆಡ್ಡು ಇದೆ.

ಆ ಶೆಡ್ಡಿನ ಹೆಸರು ಬೂಟ್‌ಲೋಡರ್. ಚಿಪ್ಪಿನ ಮೂಲೆಯಲ್ಲಿ, ಮಾಮೂಲಿ ಅಪ್‌ಡೇಟಿನಲ್ಲಿ ಯಾರೂ ಮುಟ್ಟದ ಜಾಗದಲ್ಲಿ ಇರುವ ಚಿಕ್ಕ ಪ್ರೋಗ್ರಾಮು. ಇಂಜಿನ್ ಓಡಿಸುವುದು ಅದಕ್ಕೆ ಗೊತ್ತಿಲ್ಲ. "ನಾನಿದ್ದೇನೆ, ಬರಹ ಕಳಿಸಿ" ಎನ್ನುವುದಷ್ಟೇ ಗೊತ್ತು. ಕಾರು ಸ್ಟಾರ್ಟ್ ಆಗದಿದ್ದರೂ ಇದು ಬದುಕಿದ್ದರೆ ಮಾಡ್ಯೂಲ್ ಬದುಕಿದೆ. ಕಾರಿನ ದೋಷ ಓದುವ ಸ್ಕ್ಯಾನರಿನಲ್ಲಿ ಪಿ0602 ಎಂಬ ಕೋಡ್ ಬಂದರೆ ಬಹಳ ಮಂದಿ ಗಾಬರಿಯಾಗುತ್ತಾರೆ. ಮಾಡ್ಯೂಲ್ ಒಡೆದಿದೆ ಎಂದು ಅದು ಹೇಳುತ್ತಿಲ್ಲ, ಪ್ರೋಗ್ರಾಮಿಂಗ್ ಸರಿಯಾಗಿ ಮುಗಿದಿಲ್ಲ ಎನ್ನುತ್ತಿದೆ ಅಷ್ಟೆ. ಹಾಗೆ ಹೇಳುವಷ್ಟು ಜೀವ ಅದರಲ್ಲಿದೆ ಎಂದರೆ ಅದು ಒಳ್ಳೆಯ ಸುದ್ದಿಯೇ.

ಸ್ಕ್ಯಾನರಿಗೂ ಮಾಡ್ಯೂಲಿಗೂ ನಡೆಯುವ ಮಾತುಕತೆಗೆ ಒಂದು ಕ್ರಮವಿದೆ. ಈಗಿನ ಬಹುತೇಕ ಕಾರುಗಳು ಪಾಲಿಸುವ ಯುಡಿಎಸ್ ಎಂಬ ಸಂವಹನ ಮಾನದಂಡ ಐಎಸ್‌ಒ 14229 ಎಂಬ ಸಂಖ್ಯೆಯಲ್ಲಿ ದಾಖಲಾಗಿದೆ. ಮೊದಲು ಸ್ಕ್ಯಾನರು ನೀನು ಯಾರು, ನಿನ್ನ ಹಾರ್ಡ್‌ವೇರ್ ಸಂಖ್ಯೆ ಏನು ಎಂದು ವಿಚಾರಿಸುತ್ತದೆ. ಆಮೇಲೆ ಪ್ರೋಗ್ರಾಮಿಂಗಿಗೆ ಸಿದ್ಧನಾಗು ಎನ್ನುತ್ತದೆ. ಅದೇ ತಂತಿಯ ಮೇಲಿರುವ ಉಳಿದ ಮಾಡ್ಯೂಲ್‌ಗಳಿಗೆ ಸುಮ್ಮನಿರಲು, ದೋಷ ದಾಖಲಿಸದಿರಲು ಹೇಳುತ್ತದೆ. ಮಾಡ್ಯೂಲ್ ಒಂದು ಸಂಖ್ಯೆ ಕೊಟ್ಟು ಇದಕ್ಕೆ ಸರಿಯಾದ ಉತ್ತರ ಕೊಡು, ಆಗ ಒಳಗೆ ಬಿಡುತ್ತೇನೆ ಎಂದು ಪರೀಕ್ಷಿಸುತ್ತದೆ. ಅದು ಪಾಸಾದರೆ ಅಳಿಸುವುದು, ಕಂತು ಕಂತಾಗಿ ಬರೆಯುವುದು, ಬರೆದದ್ದರ ಮೊತ್ತ ತಾಳೆ ನೋಡುವುದು, ಕೊನೆಗೆ ರೀಸೆಟ್. ಅಳಿಸುವುದಕ್ಕೆ ಮುಂಚೆ ನಿಂತಿದ್ದರೆ ಏನೂ ಹಾಳಾಗಿಲ್ಲ, ಕಾರು ಬಂದ ಹಾಗೇ ವಾಪಸು ಹೋಗಬಹುದು. ಅಳಿಸಿದ ಮೇಲೆ ನಿಂತಿದ್ದರೆ ಮತ್ತೆ ಬರೆಯಬೇಕು. ಮೊತ್ತ ತಾಳೆಯಾಗದೆ ನಿಂತಿದ್ದರೆ ಫೈಲಿನ ಮೇಲೆ ಅನುಮಾನಪಡಬೇಕು. ಎಲ್ಲ ಮುಗಿದ ಮೇಲೂ ಗಾಡಿ ಸ್ಟಾರ್ಟ್ ಆಗದಿದ್ದರೆ ಹುಡುಕಬೇಕಾದ ಕಡೆಯೇ ಬೇರೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬ್ಯಾಟರಿ. ಇದನ್ನು ಹೇಳಿದರೆ ಮೆಕ್ಯಾನಿಕ್ಕುಗಳಿಗೆ ಸ್ವಲ್ಪ ಸಿಟ್ಟು ಬರುತ್ತದೆ. "ಬ್ಯಾಟರಿ ಚೆನ್ನಾಗಿದೆ ಸಾರ್, ಈಗ ತಾನೇ ಸ್ಟಾರ್ಟ್ ಆಯ್ತಲ್ಲ?" ಸ್ಟಾರ್ಟ್ ಮಾಡುವುದು ಕೆಲವೇ ಸೆಕೆಂಡಿನ ಕೆಲಸ. ಪ್ರೋಗ್ರಾಮಿಂಗ್ ನಡೆಯುವಾಗ ಇಗ್ನಿಷನ್ ಆನ್, ಇಂಜಿನ್ ಆಫ್. ಆಲ್ಟರ್ನೇಟರಿನಿಂದ ಒಂದು ಹನಿಯೂ ಬರುವುದಿಲ್ಲ. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಮಾಡ್ಯೂಲ್‌ಗಳು, ರಿಲೇಗಳು, ಡ್ಯಾಶ್‌ಬೋರ್ಡಿನ ದೀಪಗಳು ಎಲ್ಲ ಎಚ್ಚರವಿದ್ದು ಕರೆಂಟ್ ಎಳೆಯುತ್ತಿರುತ್ತವೆ. ಇದರ ಮೇಲೆ ಇನ್ನೊಂದು ಉಪದ್ರವ. ಇಸಿಎಂ ಮಾತು ನಿಲ್ಲಿಸಿದ ಕೂಡಲೇ ಹಲವು ಕಾರುಗಳಲ್ಲಿ ರೇಡಿಯೇಟರ್ ಫ್ಯಾನು ತಾನಾಗಿಯೇ ಪೂರ್ತಿ ವೇಗದಲ್ಲಿ ತಿರುಗತೊಡಗುತ್ತದೆ. ಇಂಜಿನ್ ಎಷ್ಟು ಬಿಸಿ ಎಂದು ತಿಳಿಸುವವರಿಲ್ಲದಾಗ ಸುರಕ್ಷತೆಗೆಂದು ಮಾಡಿದ ಏರ್ಪಾಡು ಅದು. ಬ್ಯಾಟರಿಯ ಪಾಲಿಗೆ ಮಾತ್ರ ಹೊರಲಾರದ ಹೊರೆ. ಅಳಿಸುವಾಗ ಸರಿಯಿದ್ದ ವೋಲ್ಟೇಜು ಬರೆಯುವ ಹೊತ್ತಿಗೆ 12ಕ್ಕಿಂತ ಕೆಳಗೆ ಜಾರಿರುತ್ತದೆ. ವೋಲ್ಟೇಜು ಕಡಿಮೆ ಎನ್ನಲು ಯುಡಿಎಸ್‌ನಲ್ಲಿ 93 ಎಂಬ ಪ್ರತ್ಯೇಕ ಉತ್ತರ ಇದೆ, ಹೆಚ್ಚಾಯಿತು ಎನ್ನಲು 92. ಇವೆರಡಕ್ಕೂ ಬೇರೆ ಬೇರೆ ಸಂಖ್ಯೆ ಕೊಟ್ಟಿದ್ದಾರೆ ಎಂದರೆ ಈ ಕಾಟ ಮಾನದಂಡ ಬರೆದವರಿಗೂ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ಚಾರ್ಜರ್ ಹಾಕೋಣ ಎನ್ನುತ್ತೀರಿ. ಯಾವ ಚಾರ್ಜರ್ ಎನ್ನುವುದೇ ಪ್ರಶ್ನೆ. ರಾತ್ರಿಯಿಡೀ ಬ್ಯಾಟರಿ ತುಂಬಿಸಲು ಗ್ಯಾರೇಜುಗಳಲ್ಲಿ ಇಟ್ಟಿರುವ ಹಳೆಯ ಚಾರ್ಜರಿನಿಂದ ಬರುವ ಕರೆಂಟು ನಯವಾಗಿರುವುದಿಲ್ಲ, ಅಲೆಯಲೆಯಾಗಿ ಬರುತ್ತದೆ. ದತ್ತಾಂಶ ಹರಿಯುವ ಹೊತ್ತಿನಲ್ಲಿ ಆ ಅಲೆಗಳೇ ಅಡ್ಡಿ. ಬೇಕಾದದ್ದು ಪ್ರೋಗ್ರಾಮಿಂಗಿಗೆಂದೇ ಬರುವ ಸ್ಥಿರ ವಿದ್ಯುತ್ ಪೂರೈಕೆ, ಎಷ್ಟೇ ಎಳೆದರೂ 13.5 ವೋಲ್ಟಿನ ಆಸುಪಾಸಿನಲ್ಲೇ ನಿಲ್ಲುವಂಥದ್ದು. ಅದೂ ಗೋಡೆಯ ಪ್ಲಗ್ಗಿನಿಂದಲೇ ಓಡುತ್ತದೆ ಎಂಬುದನ್ನು ಮರೆಯಬಾರದು. ಕರೆಂಟು ಹೇಳದೆ ಕೇಳದೆ ಹೋಗುವ ನಮ್ಮೂರುಗಳಲ್ಲಿ ಕಾರಿನ ಬ್ಯಾಟರಿಯೂ ಗಟ್ಟಿಯಾಗಿರಬೇಕು. ಪಕ್ಕದ ಕಾರನ್ನು ಸ್ಟಾರ್ಟ್ ಮಾಡಿಟ್ಟು ಜಂಪರ್ ಕೇಬಲ್ ಹಾಕುವ ರೂಢಿಯನ್ನಂತೂ ಈ ಕೆಲಸಕ್ಕೆ ಬಿಟ್ಟೇಬಿಡಬೇಕು. ಆ ಕಾರಿನ ಆಲ್ಟರ್ನೇಟರಿನ ಏರಿಳಿತವೆಲ್ಲ ಈ ಕಾರಿಗೆ ದಾಟುತ್ತದೆ.

ಎರಡನೆಯ ಶತ್ರು ಆತುರ. ಅಳಿಸುವ ಕೆಲಸ ಹಿಡಿದಾಗ ಮಾಡ್ಯೂಲ್ ತಕ್ಷಣ ಉತ್ತರ ಕೊಡಲಾರದು. ಆಗ ಅದು 78 ಎಂಬ ಸಂಕೇತ ಕಳಿಸುತ್ತದೆ. ಕೇಳಿಸಿಕೊಂಡೆ, ಕೆಲಸ ನಡೆಯುತ್ತಿದೆ, ಸ್ವಲ್ಪ ತಾಳು ಎಂದರ್ಥ. ಇದನ್ನು ಮತ್ತೆ ಮತ್ತೆ ಕಳಿಸುತ್ತಿರುವಷ್ಟು ಹೊತ್ತು ಪರದೆಯ ಮೇಲಿನ ಪಟ್ಟಿ ಅಲುಗಾಡುವುದಿಲ್ಲ. ನೋಡುವವರಿಗೆ ಹ್ಯಾಂಗ್ ಆದಂತೆ ಕಾಣುತ್ತದೆ. ಎಷ್ಟೋ ಮಾಡ್ಯೂಲ್‌ಗಳ ಗತಿ ಕೆಡುವುದು ಇಲ್ಲೇ. "ನಿಂತೇ ಹೋಯ್ತು" ಎಂದು ಇಗ್ನಿಷನ್ ಆಫ್ ಮಾಡುತ್ತಾರೆ, ಕೇಬಲ್ ಎಳೆಯುತ್ತಾರೆ. ಅಷ್ಟು ಹೊತ್ತು ಏನೂ ಆಗಿರಲಿಲ್ಲ. ಆದದ್ದು ಆ ಕ್ಷಣದಲ್ಲಿ.

ಲ್ಯಾಪ್‌ಟಾಪಿನ ಕಡೆಯಿಂದಲೂ ತೊಂದರೆ ಬರುತ್ತದೆ. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ನಿದ್ದೆಗೆ ಜಾರುವಂತೆ ಇಟ್ಟಿರುವ ಸೆಟ್ಟಿಂಗ್, ನಡುವೆ ತಲೆಹಾಕುವ ಆಂಟಿವೈರಸ್, ಸಡಿಲವಾದ ಯುಎಸ್‌ಬಿ ಕೇಬಲ್, ಅಸಲಿ ಉಪಕರಣದ ಅಗ್ಗದ ನಕಲು. ಬ್ಲೂಟೂತಿನಲ್ಲಿ ಕೋಡ್ ಓದಬಹುದು. ಬರೆಯುವಾಗ ತಂತಿಯೇ ಇರಲಿ.

ಇನ್ನು ಕಾರಿನೊಳಗಿನ ತಂತಿ. ಮಾಡ್ಯೂಲ್‌ಗಳು ಪರಸ್ಪರ ಮಾತನಾಡುವ ಕ್ಯಾನ್ ವ್ಯವಸ್ಥೆಯನ್ನು ಬಾಷ್ ಕಂಪನಿ 1986ರಲ್ಲಿ ಡೆಟ್ರಾಯ್ಟಿನಲ್ಲಿ ಪ್ರಕಟಿಸಿತು. ಒಂದಕ್ಕೊಂದು ಹೆಣೆದುಕೊಂಡ ಎರಡೇ ತಂತಿ, ಎರಡೂ ತುದಿಗೆ 120 ಓಮ್‌ನ ಒಂದೊಂದು ರೆಸಿಸ್ಟರ್. ಸ್ಟೀರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿನಲ್ಲಿ 6 ಮತ್ತು 14ನೇ ಪಿನ್ನಿಗೆ ಈ ಜೋಡಿ ಬರುತ್ತದೆ, 16ಕ್ಕೆ ಬ್ಯಾಟರಿ, 4 ಮತ್ತು 5ಕ್ಕೆ ಅರ್ತ್. ಬ್ಯಾಟರಿ ಬಿಚ್ಚಿ 6 ಮತ್ತು 14ರ ನಡುವೆ ಮಲ್ಟಿಮೀಟರ್ ಇಟ್ಟರೆ 60 ಓಮ್ ತೋರಿಸಬೇಕು. 120 ತೋರಿಸಿದರೆ ಒಂದು ತುದಿ ಕಳಚಿಕೊಂಡಿದೆ. ಸೊನ್ನೆಯ ಹತ್ತಿರ ಇದ್ದರೆ ಎರಡು ತಂತಿ ಎಲ್ಲೋ ಒಂದನ್ನೊಂದು ಮುಟ್ಟುತ್ತಿವೆ. ಬಹಳಷ್ಟು ಕಾರುಗಳಲ್ಲಿ ಒಂದು ರೆಸಿಸ್ಟರ್ ಇಸಿಎಂನ ಹೊಟ್ಟೆಯಲ್ಲೇ ಇರುತ್ತದೆ. ಅದನ್ನು ಬಿಚ್ಚಿಟ್ಟು ಅಳೆದು "ವೈರಿಂಗೇ ಹಾಳು" ಎಂದು ತೀರ್ಪು ಕೊಡುವವರಿದ್ದಾರೆ. ಸಾಕೆಟ್ಟಿನ ಹಿಂದೆ ಗೇಟ್‌ವೇ ಎಂಬ ನಡುವಿನ ಮಾಡ್ಯೂಲ್ ಇಟ್ಟು, ಉಳಿದ ಕ್ಯಾನ್ ಜೋಡಿಗಳನ್ನು ಅದರಾಚೆ ಅಡಗಿಸಿಟ್ಟ ಕಾರುಗಳಲ್ಲಿ ಈ ಲೆಕ್ಕ ಬೇರೆಯಾದೀತು, ವೈರಿಂಗ್ ನಕ್ಷೆ ನೋಡಿಯೇ ಮುಂದುವರಿಯಬೇಕು.

ನಮ್ಮಲ್ಲಿ ಕಾರು ಕೊಂಡ ವಾರದಲ್ಲೇ ಹಾಕಿಸುವ ಮ್ಯೂಸಿಕ್ ಸಿಸ್ಟಂ, ರಿವರ್ಸ್ ಕ್ಯಾಮೆರಾ, ಟ್ರ್ಯಾಕರು, ಕಳ್ಳರ ಅಲಾರಂ ಇವೆಲ್ಲ ಎಲ್ಲೆಲ್ಲಿಂದಲೋ ತಂತಿ ಕದ್ದಿರುತ್ತವೆ. ಕೆಲವು ಕ್ಯಾನ್ ತಂತಿಯ ಮೇಲೇ ಕೂತು ಹರಟೆ ಹೊಡೆಯುತ್ತವೆ. ಸ್ಕ್ಯಾನರು ಸುಮ್ಮನಿರಿ ಎಂದಾಗ ಕಂಪನಿಯ ಮಾಡ್ಯೂಲ್‌ಗಳು ಸುಮ್ಮನಾಗುತ್ತವೆ, ಇವು ಕೇಳುವುದಿಲ್ಲ. ಪ್ರೋಗ್ರಾಮಿಂಗಿಗೆ ಕೂರುವ ಮುಂಚೆ ಇವನ್ನೆಲ್ಲ ಬಿಚ್ಚಿಡುವುದು ಒಳ್ಳೆಯದು.

ಫೈಲು ತಪ್ಪಾಗುವುದು ಇನ್ನೊಂದು ಬಗೆ. ಹೊರಗಿನಿಂದ ನೋಡಲು ಒಂದೇ ಮಾಡೆಲ್ಲು, ಒಂದೇ ಬಣ್ಣ. ಒಳಗೆ ಒಂದು ಪೆಟ್ರೋಲು, ಇನ್ನೊಂದು ಸಿಎನ್‌ಜಿ. ಒಂದಕ್ಕೆ ಕೈ ಗೇರು, ಇನ್ನೊಂದಕ್ಕೆ ಎಎಂಟಿ. ಒಂದು 2020ರ ಏಪ್ರಿಲ್‌ಗೆ ಮುಂಚಿನ ಬಿಎಸ್ 4, ಇನ್ನೊಂದು ಆಮೇಲಿನ ಬಿಎಸ್ 6. ಒಂದರ ಬರಹ ಇನ್ನೊಂದಕ್ಕೆ ಹೊಂದುವುದಿಲ್ಲ. ಒಳ್ಳೆಯ ಮಾಡ್ಯೂಲ್ ಇಂಥ ಫೈಲನ್ನು ಬಾಗಿಲಲ್ಲೇ ತಡೆಯುತ್ತದೆ. ತಡೆಯದೆ ಬಿಟ್ಟುಕೊಳ್ಳುವುದೇ ಅಪಾಯ. ಪಿಕಪ್ಪಿಗೆಂದು ರೀಮ್ಯಾಪ್ ಮಾಡಿಸಿದ ಕಾರುಗಳದ್ದು ಬೇರೆ ಕತೆ. ಅಲ್ಲಿ ಯಾರೋ ಸಂಖ್ಯೆಗಳನ್ನು ತಿದ್ದಿ, ಒಟ್ಟು ಮೊತ್ತವನ್ನು ಸರಿಪಡಿಸದೆ ಬಿಟ್ಟಿರುತ್ತಾರೆ. ಮಾಡ್ಯೂಲ್ ಕೂಡಿ ನೋಡುತ್ತದೆ, ತಾಳೆಯಾಗುವುದಿಲ್ಲ, ಪಿ0601 ಎನ್ನುತ್ತದೆ. ಆಗ ಕಂಪನಿಯ ಮೂಲ ಫೈಲನ್ನು ಮತ್ತೆ ಹಾಕುವುದೇ ಮೊದಲ ಮದ್ದು.

ಸಂಖ್ಯೆ ಕೊಟ್ಟು ಉತ್ತರ ಕೇಳುವ ಆ ಬೀಗದ ವಿಚಾರಕ್ಕೆ ಬಂದರೆ, ತಪ್ಪು ಉತ್ತರವನ್ನು ಪದೇ ಪದೇ ಕೊಟ್ಟರೆ ಮಾಡ್ಯೂಲ್ ಕದ ಹಾಕಿಕೊಳ್ಳುತ್ತದೆ, ಇಷ್ಟು ಹೊತ್ತು ಕಳೆಯುವ ತನಕ ಮಾತಿಲ್ಲ ಎನ್ನುತ್ತದೆ. ಆ ಹೊತ್ತು ಕಂಪನಿಯಿಂದ ಕಂಪನಿಗೆ ಬೇರೆ. ಇಗ್ನಿಷನ್ ಆನ್ ಇಟ್ಟು, ಸ್ಥಿರ ಪೂರೈಕೆ ಹಾಕಿ, ಕಾಫಿಗೆ ಹೋಗಿಬರುವುದೇ ಸರಿ. ಪ್ರತಿ ಅರ್ಧ ನಿಮಿಷಕ್ಕೆ ಪ್ರಯತ್ನಿಸಿದರೆ ಕೆಲವು ಮಾಡ್ಯೂಲ್‌ಗಳಲ್ಲಿ ಎಣಿಕೆ ಮೊದಲಿಂದ ಶುರುವಾಗುತ್ತದೆ.

ಈಗ ಪಟ್ಟಿ ನಿಂತೇ ಹೋಗಿದೆ, ಕೆಂಪಕ್ಷರ ಬಂದೇ ಬಿಟ್ಟಿದೆ ಎಂದುಕೊಳ್ಳೋಣ. ಮಾಡಬೇಕಾದ ಮೊದಲ ಕೆಲಸ ಏನನ್ನೂ ಮುಟ್ಟದಿರುವುದು. ಆ ಸಂದೇಶದ ಫೋಟೊ ತೆಗೆದಿಟ್ಟುಕೊಳ್ಳಬೇಕು. ಮುಚ್ಚಿಬಿಟ್ಟರೆ ಆ ಮಾತು ಮತ್ತೆ ಸಿಗಲಿಕ್ಕಿಲ್ಲ. ಬ್ಯಾಟರಿಯ ತುದಿಯಲ್ಲಿ ವೋಲ್ಟೇಜು ನೋಡಿ, ಕಡಿಮೆಯಿದ್ದರೆ ಅದನ್ನು ಸರಿಮಾಡಿ, ಅದೇ ಉಪಕರಣದಿಂದ ಅದೇ ಕೆಲಸವನ್ನು ಮತ್ತೆ ಶುರುಮಾಡಬೇಕು. ಬೇರೆ ಸ್ಕ್ಯಾನರ್ ತರುವ ಆತುರ ಬೇಡ. ಕಂಪನಿಗಳ ಸಾಫ್ಟ್‌ವೇರಿನಲ್ಲಿ ಅರ್ಧಕ್ಕೆ ನಿಂತದ್ದನ್ನು ಮುಂದುವರಿಸುವ ದಾರಿ ಸಾಮಾನ್ಯವಾಗಿ ಇರುತ್ತದೆ. ಅದಕ್ಕೂ ಬಗ್ಗದಿದ್ದರೆ ಬ್ಯಾಟರಿ ಬಿಚ್ಚಿ, ಕೆಲವು ನಿಮಿಷ ಬಿಟ್ಟು ಮತ್ತೆ ಜೋಡಿಸಿದರೆ ಬೂಟ್‌ಲೋಡರ್ ಎದ್ದು ಮಾತನಾಡುವ ಸಾಧ್ಯತೆ ಉಂಟು.

ಆಗಲೂ ಉತ್ತರವಿಲ್ಲ, ಉಳಿದ ಮಾಡ್ಯೂಲ್‌ಗಳೆಲ್ಲ ಯು0100 ಎಂದು, ಅಂದರೆ ಇಸಿಎಂ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ದೂರುತ್ತಿವೆ. ಈಗಲೂ ಹೊಸ ಮಾಡ್ಯೂಲಿಗೆ ಆರ್ಡರ್ ಹಾಕುವ ಸಮಯವಲ್ಲ. ಇಸಿಎಂಗೆ ವಿದ್ಯುತ್ತು, ಅರ್ತ್ ಸರಿಯಾಗಿ ತಲುಪುತ್ತಿವೆಯೇ ಎಂದು ಅದರ ಕನೆಕ್ಟರಿನಲ್ಲೇ ನೋಡಬೇಕು. ಇಲ್ಲಿ ಮಲ್ಟಿಮೀಟರನ್ನು ಮಾತ್ರ ನಂಬಿದರೆ ಮೋಸ. ಹತ್ತೆಳೆಯಲ್ಲಿ ಒಂಬತ್ತು ತುಂಡಾಗಿ ಒಂದೇ ಉಳಿದ ತಂತಿಯಲ್ಲೂ ಮೀಟರು 12 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಅದು ಹೆಚ್ಚುಕಡಿಮೆ ಏನನ್ನೂ ಎಳೆಯುವುದಿಲ್ಲ. ಮಾಡ್ಯೂಲಿನ ಪ್ಲಗ್ಗನ್ನು ಬಿಚ್ಚಿಟ್ಟು, ಆ ವಿದ್ಯುತ್ ಮತ್ತು ಅರ್ತ್ ತಂತಿಗಳಿಗೆ ಹೆಡ್‌ಲೈಟಿನ ಹಳೆಯ ಬಲ್ಬೊಂದನ್ನು ತಗುಲಿಸಿ ನೋಡಿದರೆ ನಿಜ ಗೊತ್ತಾಗುತ್ತದೆ. ಚೆನ್ನಾಗಿ ಉರಿದರೆ ಸರಿ. ಮಂಕಾದರೆ ತಂತಿಯಲ್ಲೋ ಫ್ಯೂಸಿನಲ್ಲೋ ರಿಲೇಯಲ್ಲೋ ಕಿಲುಬು ಹಿಡಿದ ಪಿನ್ನಿನಲ್ಲೋ ದೋಷ. ದಪ್ಪ ತಂತಿಗೆ ಮಾತ್ರ ಈ ಪರೀಕ್ಷೆ. ಸೆನ್ಸರಿನ ಸಣ್ಣ ತಂತಿಗೆ ಬಲ್ಬು ಹಾಕಬಾರದು.

ಎಲ್ಲ ಸರಿಯಿದೆ ಎಂದಾದರೆ ಮಾಡ್ಯೂಲನ್ನು ಬಿಚ್ಚಿ ಮೇಜಿನ ಮೇಲಿಟ್ಟು, ವಿದ್ಯುತ್ತು, ಅರ್ತ್, ಕ್ಯಾನ್ ಜೋಡಿ ಇಷ್ಟನ್ನೇ ಕೊಟ್ಟು ಮಾತನಾಡಿಸುತ್ತಾರೆ. ಮೇಜಿನ ಮೇಲೆ ಮಾತನಾಡಿತೆಂದರೆ ದೋಷ ಕಾರಿನಲ್ಲೇ ಉಳಿದಿದೆ. ಅಲ್ಲೂ ಮೂಕವಾದರೆ ಮುಚ್ಚಳ ತೆರೆದು ಪ್ರೊಸೆಸರನ್ನೇ ನೇರವಾಗಿ ಎಬ್ಬಿಸುವ ಬೂಟ್ ಮೋಡ್ ಎಂಬ ಕೊನೆಯ ದಾರಿ. ಅಂಟು ಹಾಕಿ ಮುಚ್ಚಿದ ಅಲ್ಯೂಮಿನಿಯಂ ಡಬ್ಬಿ ಅದು, ಮೀಟುವಾಗ ಬೋರ್ಡು ಸೀಳಿದರೆ ಆಗ ನಿಜವಾಗಿಯೂ ಸತ್ತಂತೆ. ಇದನ್ನು ಮಾಡಿಸುವುದಾದರೆ ಒಂದು ಪ್ರಶ್ನೆ ಕೇಳಿಯೇ ಮುಂದುವರಿಯಿರಿ. ಮೊದಲು ಒಳಗಿರುವುದನ್ನು ಪೂರ್ತಿ ಓದಿ ನಕಲು ಇಟ್ಟುಕೊಂಡಿದ್ದೀರಾ? ಇಟ್ಟುಕೊಳ್ಳದೆ ಬರೆಯಲು ಕೂರುವವರ ಕೈಗೆ ನಾನಂತೂ ಗಾಡಿ ಕೊಡಲಾರೆ.

ಬರೆಯುವುದು ಯಶಸ್ವಿ ಎಂದು ಹಸಿರಕ್ಷರ ಬಂದ ಮೇಲೂ ಗೊಂದಲ ಮುಗಿಯುವುದಿಲ್ಲ. ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗುವುದಿಲ್ಲ, ಕೀಲಿಯ ಚಿತ್ರ ಮಿಣುಕುತ್ತದೆ. ಪ್ರೋಗ್ರಾಮಿಂಗ್ ಕೆಟ್ಟಿಲ್ಲ, ಕೀಲಿಗೂ ಇಸಿಎಂಗೂ ಪರಿಚಯ ಮಾಡಿಸುವುದು ಬಾಕಿ ಇದೆ. ಗುಜರಿಯಿಂದ ತಂದ ಮಾಡ್ಯೂಲ್ ಹಾಕಿದವರಿಗೆ ಇದು ಖಾಯಂ ತಲೆನೋವು, ಯಾಕೆಂದರೆ ಅದು ಇನ್ನೂ ಹಳೆಯ ಕಾರಿನ ಕೀಲಿಗೇ ಕಾಯುತ್ತಿರುತ್ತದೆ. ಡೀಸೆಲ್ ಗಾಡಿಗಳಲ್ಲಿ ಪ್ರತಿ ಇಂಜೆಕ್ಟರಿನ ಮೈಮೇಲೆ ಕೆತ್ತಿದ ಕೋಡನ್ನು ಮತ್ತೆ ತುಂಬಬೇಕಾಗಬಹುದು, ಇಲ್ಲದಿದ್ದರೆ ಇಂಜಿನ್ ನಡುಗುತ್ತದೆ, ಹೊಗೆ ಉಗುಳುತ್ತದೆ. ಥ್ರಾಟಲ್ಲು, ಎಎಂಟಿಯ ಕ್ಲಚ್ಚು ಹೊಸದಾಗಿ ಕಲಿಯಬೇಕು. ಪ್ರೋಗ್ರಾಮಿಂಗ್ ಹೊತ್ತಿನಲ್ಲಿ ಬೇರೆ ಮಾಡ್ಯೂಲ್‌ಗಳಲ್ಲಿ ದಾಖಲಾದ ಕೋಡುಗಳನ್ನು ಅಳಿಸಿ, ಸ್ವಲ್ಪ ಓಡಿಸಿ, ಮತ್ತೆ ಬಂದವನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಬೇಕು.

ಗ್ಯಾರೇಜಿನವರನ್ನಷ್ಟೇ ದೂರುವುದು ಸರಿಯಲ್ಲ. ಎಲ್ಲ ಸವಲತ್ತಿರುವ ಕಂಪನಿಗಳೂ ಇಲ್ಲಿ ಎಡವಿವೆ. 2019ರ ಜನವರಿಯಲ್ಲಿ ಬೀಜಿಂಗಿನ ಚಾಂಗಾನ್ ರಸ್ತೆಯ ಸಂದಣಿಯಲ್ಲಿ ಚೀನಾದ ನಿಯೊ ಕಂಪನಿಯ ವಿದ್ಯುತ್ ಕಾರೊಂದರಲ್ಲಿ ಕೂತವರು ಅಪ್‌ಡೇಟಿಗೆ ಒಪ್ಪಿಗೆ ಒತ್ತಿಬಿಟ್ಟರು. ಕಾರು ಅಲ್ಲೇ ನಿಂತಿತು, ಪರದೆ ಕಪ್ಪಾಯಿತು, ಕಿಟಕಿ ಗಾಜೂ ಇಳಿಯಲಿಲ್ಲ. ಒಂದು ಗಂಟೆಗೂ ಹೆಚ್ಚು ಹೊತ್ತು ಒಳಗೇ ಕೂರಬೇಕಾಯಿತು. 2023ರ ನವೆಂಬರಿನಲ್ಲಿ ಅಮೆರಿಕದ ರಿವಿಯನ್ ಕಂಪನಿ ತಪ್ಪು ಭದ್ರತಾ ಪ್ರಮಾಣಪತ್ರವಿರುವ ಆವೃತ್ತಿಯನ್ನು ಗಾಳಿಯಲ್ಲೇ ಕಳಿಸಿತು. ಗಾಡಿಗಳು ಓಡುತ್ತಿದ್ದವು, ಪರದೆಗಳು ಕೆಲಸ ಮಾಡಲಿಲ್ಲ. ಹೊಸ ಕಾರುಗಳ ಕೆಲವು ಮಾಡ್ಯೂಲ್‌ಗಳಲ್ಲಿ ಈಗ ಎರಡು ಪ್ರತಿ ಇಡುವ ಜಾಗ ಇರುತ್ತದೆ. ಹೊಸದನ್ನು ಪಕ್ಕದಲ್ಲಿ ಪೂರ್ತಿ ಬರೆದು, ತಾಳೆ ನೋಡಿದ ಮೇಲಷ್ಟೇ ಅದಕ್ಕೆ ಅಧಿಕಾರ ಹಸ್ತಾಂತರ, ಕೆಟ್ಟರೆ ಹಳೆಯದೇ ಮುಂದುವರಿಯುತ್ತದೆ. ಅಗ್ಗದ ಕಾರುಗಳ ಇಸಿಎಂಗಳಲ್ಲಿ ಅಷ್ಟು ಜಾಗ ಇಟ್ಟಿರುವುದು ಅಪರೂಪ.

ಬೆಂಗಳೂರಿಗಂತೂ ಈ ವಿಷಯದಲ್ಲಿ ವಿಚಿತ್ರ ಸ್ಥಾನ. ಆಡುಗೋಡಿ, ಕೋರಮಂಗಲ, ವೈಟ್‌ಫೀಲ್ಡುಗಳಲ್ಲಿ ಬಾಷ್, ಮರ್ಸಿಡಿಸ್‌ನಂಥ ಕಂಪನಿಗಳ ಇಂಜಿನಿಯರುಗಳು ಕಾರಿನ ಸಾಫ್ಟ್‌ವೇರ್ ಬರೆಯುತ್ತಾರೆ. ಕೆಲವೇ ಕಿಲೋಮೀಟರ್ ಆಚೆಯ ಜೆ.ಸಿ. ರಸ್ತೆಯಲ್ಲಿ ಕಾರಿನ ಯಾವ ಬಿಡಿಭಾಗ ಬೇಕಾದರೂ ಸಿಗುತ್ತದೆ, ಸರಿಯಾದ ಫೈಲೊಂದು ಸಿಗುವುದಿಲ್ಲ. ಅಮೆರಿಕದಲ್ಲಿ 2004ರ ಮಾಡೆಲ್ಲಿನಿಂದೀಚೆಗೆ ಹೊಗೆಗೆ ಸಂಬಂಧಪಟ್ಟ ಮಾಡ್ಯೂಲ್‌ಗಳನ್ನು ಜೆ2534 ಎಂಬ ಮಾನದಂಡದ ಸಾಮಾನ್ಯ ಉಪಕರಣದಿಂದ ಹೊರಗಿನ ಗ್ಯಾರೇಜಿನವರೂ ಪ್ರೋಗ್ರಾಮ್ ಮಾಡುವಂತಿರಬೇಕು ಎಂದು ಸರ್ಕಾರವೇ ಕಡ್ಡಾಯ ಮಾಡಿತು. ನಮ್ಮಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಾಟಿದ ದಂಡ ಹಾಕಿತ್ತು. ಬಿಡಿಭಾಗ, ದುರಸ್ತಿ ಕೈಪಿಡಿ, ಡಯಾಗ್ನೋಸ್ಟಿಕ್ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬುದು ಆರೋಪ. ಆಮೇಲೆ ಪ್ರಕರಣ ಮೇಲ್ಮನವಿಗಳ ದಾರಿ ಹಿಡಿಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿನ ಪೋರ್ಟಲ್ ತೆರೆದಾಗ ಅದರಲ್ಲಿ ವಾಹನಗಳನ್ನೂ ಸೇರಿಸಿತು. ಕೈಪಿಡಿಯೂ ವಾರಂಟಿಯ ವಿವರವೂ ಸಿಗುವುದು ಒಳ್ಳೆಯದೇ. ಫೈಲು, ಬೀಗದ ಉತ್ತರ ಎರಡೂ ಕಂಪನಿಯ ಸರ್ವರಿನಲ್ಲೇ ಇರುವ ತನಕ, ಅರ್ಧಕ್ಕೆ ನಿಂತ ಮಾಡ್ಯೂಲನ್ನು ಎಬ್ಬಿಸಬಲ್ಲ ಜಾಣ ಮೆಕ್ಯಾನಿಕ್ಕೂ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಫೈಲು ಬಿಟ್ಟರೆ ಕಾರು ಕಳ್ಳರ ಪಾಲಾಗುತ್ತದೆ, ಹೊಗೆಯ ಮಿತಿ ಮೀರುತ್ತದೆ ಎನ್ನುವ ಕಂಪನಿಗಳ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಗುರುತು ಖಚಿತಪಡಿಸಿಕೊಂಡ ಗ್ಯಾರೇಜಿಗೆ, ಒಂದು ಕಾರಿನ ಮಟ್ಟಿಗೆ, ಹಣ ಪಡೆದೇ ಕೊಡಬಹುದಲ್ಲ?

ನಿಮ್ಮ ಗಾಡಿಗೆ ಅಪ್‌ಡೇಟ್ ಹಾಕಬೇಕು ಎಂದರೆ ಯಾಕೆ ಎಂದು ಕೇಳಿ, ಸ್ಥಿರ ಪೂರೈಕೆ ಇದೆಯೇ ನೋಡಿ. ಜಾಬ್ ಕಾರ್ಡಿನಲ್ಲಿ ಹಳೆಯ ಸಾಫ್ಟ್‌ವೇರ್ ಸಂಖ್ಯೆ, ಹೊಸ ಸಂಖ್ಯೆ ಎರಡನ್ನೂ ಬರೆಸಿಕೊಳ್ಳಿ. ಹೊಸ ಮಾಡ್ಯೂಲ್ ಹಾಕಲೇಬೇಕಾಗಿ ಬಂದರೆ ಕಿತ್ತ ಹಳೆಯದನ್ನು ಬಿಟ್ಟು ಬರಬೇಡಿ. ನಿಮ್ಮ ಕಾರಿನ ಚಾಸಿಸ್ ಸಂಖ್ಯೆ, ಕೀಲಿಯ ಗುಟ್ಟು ಅದರೊಳಗಿರುತ್ತದೆ. ಬೇರೆಯವರ ಮೇಜಿನ ಮೇಲೆ ಅದು ಮಾತನಾಡಲೂಬಹುದು.